ಮಾವನ ಸೊಂಟಕ್ಕೆ ನನ್ನ ಕಾಲು

ಮದುವೆಯಾಗಿ ದೊಡ್ಡಬಳ್ಳಾಪುರದಿಂದ ನಲ್ಲೂರು ಕಡೆಯ ಹಳ್ಳಿಗೆ ಕಾಲಿಟ್ಟ ದಿನವೇ ನಾನು ನಗೆಪಾಟಲಾದೆ. ಹೊಸಿಲ ಮೇಲೆ ಅಕ್ಕಿ ತುಂಬಿದ ಸೇರು ಇಟ್ಟಿದ್ದರು. ಹೊಸ ಸೊಸೆ ಅದನ್ನು ಬಲಗಾಲಲ್ಲಿ ಮೆಲ್ಲಗೆ ಒದ್ದು ಒಳಗೆ ಬರಬೇಕು. ಎಲ್ಲರ ಮನೆಗೂ ಸೊಸೆಯರು ಹಾಗೇ ಬರುವುದು. ನನಗೋ ಬೆಳಗಿನಿಂದ ಉಪವಾಸ, ತಲೆಯ ಮೇಲೆ ಹೊರಲಾರದಷ್ಟು ಹೂವು, ಸುತ್ತ ಗಿಜಿಗಿಜಿ ಜನ. ಎಷ್ಟು ಜೋರಾಗಿ ಒದೆಯಬೇಕು ಅಂತ ಯಾರೂ ಹೇಳಿಕೊಟ್ಟಿರಲಿಲ್ಲ. ಒದ್ದೆ ನೋಡಿ, ಸೇರು ಪಡಸಾಲೆ ದಾಟಿ ಹೋಗಿ ನಡುಮನೆಯ ಕಂಬಕ್ಕೆ ಠಣ್ ಅಂತ ಬಡಿಯಿತು. ಅಕ್ಕಿಯೆಲ್ಲ ಮನೆ ತುಂಬ ಚೆಲ್ಲಾಪಿಲ್ಲಿ.

"ಏನ್ರೋ, ಸೊಸೆ ತಂದ್ರೋ ಹೋರಿ ತಂದ್ರೋ?" ಅಂದರು ಅಜ್ಜಿ. ಅಜ್ಜಿ ಅಂದರೆ ನನ್ನ ಮಾವನ ತಾಯಿ. ಅತ್ತೆ ತೀರಿಕೊಂಡು ವರ್ಷಗಳಾಗಿದ್ದರಿಂದ ಮನೆಯ ಯಜಮಾನಿಕೆಯೆಲ್ಲ ಅವರದೇ. ಹೆಂಗಸರು ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕರು. ಮಾವನೂ ಮೀಸೆ ಸವರಿಕೊಂಡು ನಕ್ಕಿದ್ದು ನನ್ನ ಕಣ್ಣಿಗೆ ಬಿತ್ತು. ಆಮೇಲೆ ಎಷ್ಟೋ ತಿಂಗಳು ನಾನು ಅವರ ನಗು ನೋಡಲಿಲ್ಲ, ಅವರ ಮುಖವನ್ನೂ ಸರಿಯಾಗಿ ನೋಡಲಿಲ್ಲ. ಆಗೆಲ್ಲ ಸೊಸೆ ಮಾವನ ಎದುರು ನಿಲ್ಲುವ ಹಾಗಿಲ್ಲ. ಅವರು ಪಡಸಾಲೆಗೆ ಬಂದರೆ ನಾನು ಬಾಗಿಲ ಹಿಂದೆ. ಅವರಿಗೆ ನೀರು ಬೇಕಾದರೆ ಗೋಡೆಗೆ ಹೇಳಿದ ಹಾಗೆ "ನೀರು ತರ್ಲಿ" ಅನ್ನುತ್ತಿದ್ದರು. ನಾನು ಚೊಂಬು ಹೊಸಿಲ ಮೇಲಿಟ್ಟು ಮಾಯವಾಗುತ್ತಿದ್ದೆ.

ಪೇಟೆಯ ಹುಡುಗಿ, ಎರಡು ಕೊಡ ಹೊರಲಾರಳು, ರಾಗಿ ಬೀಸಿದರೆ ಮೈಕೈ ನೋವು ಅನ್ನುತ್ತಾಳೆ ಅಂತ ಅಜ್ಜಿ ನನ್ನ ಮೇಲೆ ದಿನಾ ಒಂದು ದೂರು ಹೊರಿಸುತ್ತಿದ್ದರು. ನನಗೂ ರೇಗುತ್ತಿತ್ತು. ಈ ಮನೆಗೆ ನಾನು ಏನಕ್ಕಾದರೂ ಬೇಕಾದವಳಾಗಬೇಕು ಅಂತ ಒಳಗೊಳಗೇ ಹಟ ಹಿಡಿದು ಕೂತಿದ್ದೆ. ಅವಕಾಶ ಬಂದದ್ದು ಯುಗಾದಿಯ ಹೊತ್ತಿಗೆ.

ಯುದ್ಧ ನಡೆಯುತ್ತಿದ್ದ ಕಾಲ ಅದು. ಸೀಮೆಎಣ್ಣೆ ಸಿಗುತ್ತಿರಲಿಲ್ಲ, ಪೆಟ್ರೋಲಿಲ್ಲದೆ ಬಸ್ಸುಗಳು ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿಕೊಂಡು ಕೆಮ್ಮುತ್ತಾ ಓಡುತ್ತಿದ್ದವು. ಆದರೆ ಹೊನ್ನಾರಿನ ಸಂಭ್ರಮಕ್ಕೇನೂ ಕಡಿಮೆ ಇರಲಿಲ್ಲ. ಹೊನ್ನಾರು ಅಂದರೆ ಹೊಸ ವರ್ಷದ ಮೊದಲ ಉಳುಮೆ. ಯುಗಾದಿಯ ಬೆಳಿಗ್ಗೆ ಊರಿನ ಎಲ್ಲ ನೇಗಿಲುಗಳಿಗಿಂತ ಮುಂಚೆ ಒಬ್ಬರ ನೇಗಿಲು ಮಣ್ಣಿಗೆ ಇಳಿಯಬೇಕು, ಅವರ ಹಿಂದೆ ಮಿಕ್ಕವರು. ಯಾರ ಹೆಸರಿಗೆ ಆ ವರ್ಷ ಒಳ್ಳೆಯದಿದೆ ಅಂತ ಜೋಯಿಸರು ಪಂಚಾಂಗ ನೋಡಿ ಹಬ್ಬಕ್ಕೆ ಮುಂಚೆಯೇ ಹೇಳುತ್ತಿದ್ದರು. ಹೇಗೋ ಏನೋ, ಅದು ಸುತ್ತಿ ಸುತ್ತಿ ಪಟೇಲರ ಮನೆಗೇ ಹೋಗುತ್ತಿತ್ತಂತೆ. ಆ ವರ್ಷ ಮಾತ್ರ ಬೇರೆ ಜೋಯಿಸರು ಬಂದಿದ್ದರು. ಅವರು ಅರಳಿಕಟ್ಟೆಯ ಮೇಲೆ ಕೂತು ನಮ್ಮ ಮಾವನ ಹೆಸರು ಹೇಳಿದರು.

ಮಾವ ಮನೆಗೆ ನಡೆದುಕೊಂಡು ಬರಲಿಲ್ಲ, ಓಡಿಕೊಂಡು ಬಂದರು. "ಅವ್ವಾ, ನಂಗೆ ಬಂತು ಕಣವ್ವಾ! ಅಪ್ಪಂಗೆ ಬರ್ಲಿಲ್ಲ, ತಾತಂಗೆ ಬರ್ಲಿಲ್ಲ, ನಂಗೆ ಬಂತು!" ಅಂತ ಅಜ್ಜಿಯ ಎರಡೂ ಕೈ ಹಿಡಿದುಕೊಂಡರು. ಅಷ್ಟು ದೊಡ್ಡ ಗಂಡಸು ಮಗುವಿನ ಹಾಗೆ ಕುಣಿಯುವುದನ್ನು ಬಾಗಿಲ ಸಂದಿಯಿಂದ ನೋಡಿ ನನಗೂ ಕುಣಿಯುವ ಹಾಗಾಯಿತು. ಆ ಉತ್ಸಾಹದಲ್ಲೇ ಅವರು ತಪ್ಪು ಮಾಡಿದ್ದು. ಅಟ್ಟದ ಮೇಲೆ ಅವರ ತಾತನ ಕಾಲದ ನೇಗಿಲಿತ್ತು. ಹೊನ್ನಾರಿಗೆ ಅದೇ ಆಗಬೇಕು ಅಂತ, ಯಾರನ್ನೂ ಕರೆಯದೆ, ಏಣಿಯ ಮೇಲೆ ನಿಂತು ಒಂದೇ ಕೈಯಲ್ಲಿ ಎಳೆದು ಮೈ ತಿರುಗಿಸಿದರು. ಮರದ ಕೊಂಬೆ ಮುರಿದ ಹಾಗೆ ಒಂದು ಸದ್ದು. ಮುರಿದದ್ದು ನೇಗಿಲಲ್ಲ.

ಏಣಿಯಿಂದ ಇಳಿಸಿದಾಗ ಮಾವ ಕುಡುಗೋಲಿನಂತೆ ಬಗ್ಗಿಹೋಗಿದ್ದರು. ನೆಟ್ಟಗೆ ನಿಲ್ಲಲೂ ಆಗದು, ಕೂರಲೂ ಆಗದು. ಚಾಪೆಯ ಮೇಲೆ ಬೋರಲು ಮಲಗಿಸಿದರು. ಹೊರಳಿದರೆ ಸಾಕು, ಹಲ್ಲು ಕಚ್ಚಿಕೊಂಡು ನರಳುತ್ತಿದ್ದರು. ಹಬ್ಬಕ್ಕೆ ಉಳಿದದ್ದು ಒಂದು ವಾರವೂ ಇಲ್ಲ. ಅವರ ಬದಲು ಮಗ ನೇಗಿಲು ಹಿಡಿಯುವಂತಿಲ್ಲ, ಕೂಡಿ ಬಂದಿದ್ದು ಮಾವನ ಹೆಸರಿಗೆ. ಅವರು ಏಳದಿದ್ದರೆ ಹೊನ್ನಾರು ಮತ್ತೆ ಪಟೇಲರ ಮನೆಗೆ. ಸಂಜೆಯ ಹೊತ್ತಿಗೇ ಪಟೇಲರ ಆಳು ಬಂದು, "ಹೆಂಗಿದ್ದಾರೆ ಗೌಡ್ರು? ನಮ್ಮ ಎತ್ತಿಗೆ ಕೊಂಬು ಸವರಿಸೋದೋ ಬ್ಯಾಡ್ವೋ ಕೇಳ್ಕೊಂಬಾ ಅಂದ್ರು" ಅಂದ. ಅಜ್ಜಿ ಪೊರಕೆ ತೆಗೆದುಕೊಂಡರು. ಅವನು ಉತ್ತರಕ್ಕೆ ಕಾಯಲಿಲ್ಲ.

ಮಾವ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಿದ್ದರು. ಹೊಸಿಲ ಮೇಲೆ ನೀರಿಡಲು ಹೋದಾಗ ಅವರ ಭುಜ ಅಲುಗುತ್ತಿತ್ತು. ನೋವಿಗಲ್ಲ, ಅಳುತ್ತಿದ್ದರು.

ಅಜ್ಜಿಯ ವೈದ್ಯ ಶುರುವಾಯಿತು. ನಲ್ಲೂರಿನ ಹುಣಸೆ ತೋಪಿನಿಂದ ಸೊಪ್ಪು ಕಿತ್ತು ತಂದು ಹಂಡೆಯಲ್ಲಿ ಕುದಿಸಿದೆ. ಆ ನೀರಲ್ಲಿ ಬಟ್ಟೆ ಅದ್ದಿ ಹಿಂಡಿ ಸೊಂಟದ ಮೇಲೆ ಹಾಕಬೇಕು. ಅದು ಆರುವಷ್ಟರಲ್ಲಿ ಲಕ್ಕಿ ಸೊಪ್ಪಿನ ಶಾಖ, ಅದಾದ ಮೇಲೆ ಹುರಿದ ಉಪ್ಪಿನ ಗಂಟು, ರಾತ್ರಿಗೆ ಹರಳೆಣ್ಣೆ ಸವರಿ ಬಾಡಿಸಿದ ಹರಳೆಲೆ ಕಟ್ಟುವುದು. ಮಾವನ ಮೈ ಮುಟ್ಟುವುದು ಅಜ್ಜಿ, ಒಲೆಯ ಮುಂದೆ ಬೇಯುವುದು ನಾನು. ಹೊಗೆಗೆ ಕಣ್ಣು ಕೆಂಪಗಾದರೂ ಒಲೆ ಬಿಟ್ಟು ಏಳಲಿಲ್ಲ. ಪಟೇಲರ ಎತ್ತಿನ ಕೊಂಬು ನೆನೆಸಿಕೊಂಡರೆ ನನ್ನ ಬಾಯಿ ತಾನೇ ಒಲೆ ಊದುತ್ತಿತ್ತು.

ನಮ್ಮನೆಯವರು ದೇವನಹಳ್ಳಿಗೆ ಹೋಗಿ ಕೋಟೆಯ ಒಳಗಿದ್ದ ಉಸ್ತಾದರನ್ನು ಕರೆತಂದರು. ಅವರು ಗರಡಿ ನಡೆಸುತ್ತಿದ್ದ ಸಾಬರು, ಕುಸ್ತಿಯಲ್ಲಿ ಕೈಕಾಲು ತಿರುಚಿಕೊಂಡವರನ್ನೆಲ್ಲ ನೆಟ್ಟಗೆ ಮಾಡುವವರು. ಬಾಗಿಲಲ್ಲಿ ಅಡ್ಡ ತಿರುಗಿ ಒಳಗೆ ಬಂದರು, ಅಷ್ಟು ಅಗಲ. ಕೂತ ತಕ್ಷಣ ತಮ್ಮ ಕೀರ್ತಿ ಶುರು ಮಾಡಿದರು. ಮೈಸೂರಿನ ಪೈಲ್ವಾನನ ಬೆನ್ನು ಸರಿಮಾಡಿದ್ದು, ಮಿಲಿಟರಿ ಲಾರಿಯಿಂದ ಬಿದ್ದ ಸಿಪಾಯಿಯನ್ನು ಎಬ್ಬಿಸಿದ್ದು, ಒಂದಲ್ಲ ಎರಡಲ್ಲ. ಬಾಯಿ ಎಷ್ಟು ಓಡುತ್ತಿತ್ತೋ ಕೈಯೂ ಅಷ್ಟೇ ಓಡುತ್ತಿತ್ತು. ಬೆಚ್ಚಗಿನ ಎಳ್ಳೆಣ್ಣೆಯನ್ನು ಕತ್ತಿನಿಂದ ಕೆಳಕ್ಕೆ ಸುರಿದು, ಎರಡು ಹೆಬ್ಬೆರಳಿಂದ ಬೆನ್ನುಮೂಳೆಯ ಅಕ್ಕಪಕ್ಕ ಹುಡುಕುತ್ತಾ ಇಳಿದರು. ಒಂದು ಕಡೆ ನಿಂತರು. ಮಾವ ಕಿರುಚಿದರು.

"ಇಲ್ಲೇ ಕೂತಿದ್ದಾನೆ ಬದ್ಮಾಶ್! ಗೌಡ್ರೇ, ಮೂಳೆ ಗಟ್ಟಿಯಾಗೈತೆ, ಹೆದರ್ಬೇಡಿ. ಸ್ನಾಯು ಹೆದರ್ಕೊಂಡು ಮುಷ್ಟಿ ಕಟ್ಕೊಂಡೈತೆ. ಅದನ್ನ ಹೊಡೆದ್ರೆ ಬಿಡಲ್ಲ, ಒಲಿಸ್ಬೇಕು."

ಹಾಗೆ ಒಲಿಸುವುದಕ್ಕೆ ಅವರು ದಿನವೂ ಸೈಕಲ್ಲು ತುಳಿದುಕೊಂಡು ಬಂದರು. ಮಾವ ಪಕ್ಕಕ್ಕೆ ಹೊರಳುವ ಹಾಗಾದರು, ಆಮೇಲೆ ಮೊಣಕಾಲೂರುವ ಹಾಗಾದರು. ನಮಗೆಲ್ಲ ಆಸೆ ಏರುತ್ತಾ ಹೋಯಿತು. ಆದರೆ ಎದ್ದು ನಿಲ್ಲಲು ಹೋದರೆ ಮತ್ತೆ ಅದೇ ಜಾಗದಲ್ಲಿ ಹಿಡಿದುಕೊಳ್ಳುತ್ತಿತ್ತು. ಹಬ್ಬ ನಾಳಿದ್ದು ಅನ್ನುವ ದಿನ ಉಸ್ತಾದರು ಕೈ ಒರೆಸಿಕೊಂಡು, "ಇನ್ನೊಂದು ವಾರ ಕೊಡಿ, ಕುಸ್ತಿಗೇ ಇಳಿಸ್ತೀನಿ" ಅಂದರು. ವಾರ ಎಲ್ಲಿಂದ ತರುವುದು?

ಆಗ ಅಜ್ಜಿ ಹಣೆ ಬಡಿದುಕೊಂಡು ಅಂದರು: "ಕುಂದಾಣದ ಮುದುಕ ಬದುಕಿದ್ದಿದ್ರೆ ಈ ಪಾಡಿರ್ತಿರ್ಲಿಲ್ಲ. ಅವ್ನು ಕಾಲು ಮುಂದಾಗಿ ಹುಟ್ದೋನು. ಒಂದು ಸತಿ ಕಾಲು ಸೋಕಿಸಿದ್ರೆ ಎಂಥಾ ಉಳುಕೂ ಬಿಟ್ಟೋಗೋದು."

ನಮ್ಮ ಕಡೆ ಎಲ್ಲರಿಗೂ ಗೊತ್ತಿದ್ದ ನಂಬಿಕೆ ಅದು. ಹುಟ್ಟುವಾಗ ತಲೆಯ ಬದಲು ಕಾಲು ಮುಂದಾಗಿ ಬಂದವರು ಸೊಂಟಕ್ಕೆ ಒದ್ದರೆ ಹಿಡಿದದ್ದು ಬಿಡುತ್ತದೆ ಅಂತ. ಉಸ್ತಾದರೂ ತಲೆಯಾಡಿಸಿ, "ನಮ್ಮಲ್ಲೂ ಹಂಗೇ ಅಂತಾರಮ್ಮಾ. ಅಂಥೋರು ಯಾರಾದ್ರೂ ಇದ್ದಾರಾ ಊರಲ್ಲಿ?" ಅಂದರು.

ಅಂಥವಳೊಬ್ಬಳು ಇದ್ದಳು, ಬಾಗಿಲ ಹಿಂದೆಯೇ ಇದ್ದಳು.

ದೊಡ್ಡಬಳ್ಳಾಪುರದ ನಮ್ಮ ಬೀದಿಯ ತುಂಬ ನೇಕಾರರು. ಗುಂಡಿಯೊಳಗೆ ಕಾಲು ಇಳಿಬಿಟ್ಟು ದಿನವೆಲ್ಲ ಮಗ್ಗದ ಮುಂದೆ ಬಗ್ಗಿ ಕೂತವರ ಸೊಂಟ ಏನಾಗಬೇಕು? ನಾನು ಚಿಕ್ಕವಳಿದ್ದಾಗ ಅವರು ನಮ್ಮ ಜಗಲಿಯ ಮೇಲೆ ಬಂದು ಬೋರಲು ಮಲಗುತ್ತಿದ್ದರು. ನನ್ನ ತಾಯಿಯ ತಾಯಿ, ನಮ್ಮ ಮನೆಯಲ್ಲೇ ಇದ್ದ ಅಮ್ಮಮ್ಮ, ನನ್ನ ಕೈ ಹಿಡಿದು ಅವರ ಬೆನ್ನಿನ ಮೇಲೆ ನಡೆಸುತ್ತಿದ್ದರು. "ನೀನು ಕಾಲು ಮುಂದಾಗಿ ಹುಟ್ಟಿದೋಳು ಕಣೇ" ಅಂತ ಅವರೇ ಹೇಳಿದ್ದು. ನಾನು ಮೈನೆರೆದ ಮೇಲೆ ಅದೆಲ್ಲ ನಿಂತಿತು. ಒದೆಯುವ ಹುಡುಗಿ ಅಂತ ಹೆಸರು ಬಿದ್ದರೆ ಗಂಡು ಸಿಗುವುದಿಲ್ಲ, ಯಾರ ಮುಂದೆಯೂ ಬಾಯಿ ಬಿಡಬೇಡ ಅಂತ ಅಮ್ಮಮ್ಮ ಆಣೆ ಹಾಕಿಸಿಕೊಂಡಿದ್ದರು.

ಆಣೆಯನ್ನು ಅವತ್ತು ಗಾಳಿಗೆ ತೂರಿದೆ. "ನಾನಿದ್ದೀನಿ!" ಅಂದೆ. ಹೇಳಿದ್ದಲ್ಲ, ಕೂಗಿದ್ದು.

ನಮ್ಮನೆಯವರು ಬಾಗಿಲ ಕಡೆ ತಿರುಗಿ ನನ್ನನ್ನು ಮೊದಲ ಸಲ ನೋಡುವವರ ಹಾಗೆ ನೋಡಿದರು. ಅಜ್ಜಿ ಮಾತ್ರ ಗಲ್ಲಕ್ಕೆ ಕೈಕೊಟ್ಟು, "ಅದಕ್ಕೇ ಆ ಸೇರು ಹಂಗೆ ಹಾರಿತ್ತು!" ಅಂದರು.

ಆಮೇಲೆ ಶುರುವಾಯಿತು ನೋಡಿ ಪೇಚಾಟ. ಸೊಸೆ ಮಾವನಿಗೆ ಕಾಲು ತಾಗಿಸುವುದುಂಟೆ? ಹಿರಿಯರಿಗೆ ಅಪ್ಪಿತಪ್ಪಿ ಕಾಲು ತಾಗಿದರೂ ಮುಟ್ಟಿ ಕಣ್ಣಿಗೊತ್ತಿಕೊಳ್ಳುವವರು ನಾವು. ನಾನಿಲ್ಲಿ ಎದುರಿಗೇ ನಿಲ್ಲದವಳು, ಬೆನ್ನ ಮೇಲೆ ನಿಲ್ಲಬೇಕು! ಮಧ್ಯೆ ಏನಾದರೂ ಅಡ್ಡ ಹಾಸಿದರೆ ಕಾಲು ತಾಗಿದಂತಾಗುವುದಿಲ್ಲ ಅಂತ ನಮ್ಮನೆಯವರು ಕಂಬಳಿ ತಂದರು. "ಕಂಬ್ಳಿ ಮೇಲೆ ದೇವ್ರನ್ನ ಕೂರಿಸ್ತೀವಿ ಕಣೋ, ಅದನ್ನ ತುಳಿಸ್ತೀಯಾ?" ಅಂತ ಅಜ್ಜಿ ಗದರಿದರು. ಮೊರ ತಂದರು. ಮೊರ ಲಕ್ಷ್ಮಿ, ಅದೂ ಆಗದು. ಗೋಣಿತಾಟು ತಂದರು. ಅದರಲ್ಲಿ ಹೋದ ವರ್ಷ ರಾಗಿ ತುಂಬಿಟ್ಟಿದ್ದರು, ಅನ್ನ ತುಳಿದಂತಾಗುತ್ತದೆ. ತುಳಿಯಬಹುದಾದ್ದು ಒಂದೂ ಆ ಮನೆಯಲ್ಲಿ ಸಿಗಲಿಲ್ಲ. ಉಸ್ತಾದರು ಹೊಟ್ಟೆ ಹಿಡಿದುಕೊಂಡು ನಗುತ್ತಾ, "ಅಮ್ಮಾ, ಮಧ್ಯೆ ಗೋಡೆ ಕಟ್ಟಿದ್ರೆ ಔಷಧಿ ಒಳಗೆ ಹೋಗೋದು ಎಲ್ಲಿಂದ?" ಅಂದರು.

ಇಷ್ಟೆಲ್ಲ ಆಗುವಾಗ ಚಾಪೆಯ ಮೇಲೆ ಬಿದ್ದಿದ್ದ ಮನುಷ್ಯನನ್ನು ಯಾರೂ ಒಂದು ಮಾತು ಕೇಳಿರಲಿಲ್ಲ. ಮಾವ ಮುಖ ಎತ್ತಿ ಗುಡುಗಿದರು: "ಒದಿಯೇ ನನ್ನವ್ವಾ, ಒದಿ! ಹಬ್ಬ ನಾಳಿದ್ದು!"

ಅವರು ಗೋಡೆಗಲ್ಲದೆ ನನಗೇ ಅಂತ ಆಡಿದ ಮೊದಲ ಮಾತು ಅದು.

ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊಸಿಲು ದಾಟಿದೆ. ಮೊದಲು ಮಾವನ ಪಾದ ಮುಟ್ಟಿಸಿ ನಮಸ್ಕಾರ ಮಾಡಿಸಿದರು ಅಜ್ಜಿ. ನನ್ನ ಕಾಲಿಗೆ ನೀರು ಹಾಕಿದರು. ಸೇರು ಹಾರಿದ್ದು ನೆನಪಾಗಿ ನನಗೆ ಬೆವರು ಕಿತ್ತುಕೊಂಡಿತು. ಉಸ್ತಾದರು ಪಕ್ಕದಲ್ಲಿ ಕೂತು, "ಒದೀಬೇಡ ಬೇಟಿ, ಒತ್ತು. ಮೂಳೆ ಮೇಲಲ್ಲ, ನನ್ನ ಬೆರಳು ಇರೋ ಕಡೆ ಹಿಮ್ಮಡಿ ಇಡು. ಗೌಡ್ರೇ, ಉಸಿರು ಪೂರ್ತಿ ಬಿಟ್ಬಿಡಿ" ಅಂದರು. ಹಿಮ್ಮಡಿ ಇಟ್ಟೆ. ಎಣ್ಣೆ ಜಾರುತ್ತಿತ್ತು. ಒಳಗೆ ಒಣಗಿದ ತೊಗಲಿನಂತೆ ಬಿಗಿದದ್ದು ಏನೋ ಕಾಲಿಗೆ ತಿಳಿಯಿತು. ಮಗ್ಗದವರ ಬೆನ್ನಿನ ನೆನಪು ಕಾಲಿಗೇ ಬಂದಿತು. ಮಾವ ಉಸಿರು ಬಿಡುತ್ತಾ ಹೋದರು, ನಾನು ಮೆಲ್ಲಗೆ ಭಾರ ಬಿಡುತ್ತಾ ಹೋದೆ. ಲಟಕ್!

ಮಾವ ಹೋ ಅಂತ ಕೂಗಿದರು. "ಅಯ್ಯೋ ಕೊಂದ್ಲು!" ಅಂದರು ಅಜ್ಜಿ. ನಾನು ಹೆದರಿ ಹಿಂದಕ್ಕೆ ಹಾರಿ ಉಸ್ತಾದರ ಎಣ್ಣೆ ಬಟ್ಟಲನ್ನು ಬೀಳಿಸಿದೆ.

ಮಾವ ಕೈಯೂರಿದರು. ಮೊಣಕಾಲೂರಿದರು. ಹಿಡಿದುಕೊಳ್ಳುತ್ತಿದ್ದ ಜಾಗ ಬಂದಾಗ ಕಣ್ಣು ಮುಚ್ಚಿದರು. ಹಿಡಿಯಲಿಲ್ಲ. ಕಂಬ ಹಿಡಿದು ಎದ್ದು, ಕಂಬ ಬಿಟ್ಟು ನಿಂತರು. ನೆಟ್ಟಗೆ! ನನಗೆ ಅಳು ನಗು ಎರಡೂ ಒಟ್ಟಿಗೇ ಬಂದವು. ಅಜ್ಜಿ ಓಡಿ ಬಂದು ನನ್ನ ಗಲ್ಲ ಹಿಂಡಿದ ನೋವು ಸಂಜೆಯವರೆಗೆ ಇತ್ತು. ಉಸ್ತಾದರು ಮೀಸೆ ತಿರುವಿ, "ಅರ್ಧ ನನ್ನ ಕೈ, ಅರ್ಧ ಈ ಮಗಳ ಕಾಲು" ಅಂತ ಪಾಲು ಹಂಚಿದರು. ನನ್ನ ಹುಣಸೆ ಸೊಪ್ಪಿನ ಹಂಡೆಗೆ ಯಾರೂ ಪಾಲು ಕೊಡಲಿಲ್ಲ.

ಯುಗಾದಿಯ ಬೆಳಿಗ್ಗೆ ಸೊಂಟಕ್ಕೆ ಬಿಗಿಯಾಗಿ ಪಂಚೆ ಸುತ್ತಿಕೊಂಡು ಮಾವ ಹೊಲಕ್ಕೆ ಇಳಿದರು. ಎತ್ತುಗಳ ಕೊಂಬಿಗೆ ಅರಿಸಿನ, ಕೊರಳಿಗೆ ಹೂವು. ಉಸ್ತಾದರ ಆಜ್ಞೆಯಂತೆ ನೇಗಿಲು ಹೊತ್ತು ತಂದದ್ದು ಮಗ, ಮೇಳಿ ಹಿಡಿಯುವುದಷ್ಟೇ ಮಾವನ ಕೆಲಸ. ಊರಿಗೆ ಊರೇ ಬದುವಿನ ಮೇಲೆ ನಿಂತಿತ್ತು. ಪಟೇಲರು ಎಲ್ಲರಿಗಿಂತ ಮುಂದೆ, ಮಾವನ ಸೊಂಟದ ಮೇಲೇ ಕಣ್ಣಿಟ್ಟುಕೊಂಡು. ನೇಗಿಲ ಗುಳ ಮಣ್ಣಿಗೆ ಇಳಿಯಿತು. ಎತ್ತುಗಳು ಹೆಜ್ಜೆ ಹಾಕಿದವು. ಮಾವ ಒಮ್ಮೆ ತಡೆದು ನಿಂತರು. ಆಮೇಲೆ "ಹೋಯ್!" ಅಂತ ಕೂಗು ಹಾಕಿ ನಡೆದೇ ನಡೆದರು, ಹೊಲದ ಆ ತುದಿಯವರೆಗೆ. ಸಾಲು ನೆಟ್ಟಗಿತ್ತು, ಮನುಷ್ಯನೂ ನೆಟ್ಟಗಿದ್ದ. ಸೆರಗು ತಲೆಯಿಂದ ಜಾರಿದ್ದೂ ಗೊತ್ತಾಗದೆ ನಾನು ಬದುವಿನ ಮೇಲೆ ಓಡುತ್ತಿದ್ದೆ. ನನ್ನ ಇಡೀ ಆಯುಷ್ಯದಲ್ಲಿ ಅಷ್ಟು ಸಂತೋಷ ಪಟ್ಟ ಬೆಳಗುಗಳು ಹೆಚ್ಚಿಲ್ಲ.

ಹಬ್ಬ ಕಳೆದು ಕೆಲವು ದಿನಕ್ಕೆ ನನ್ನ ಅಮ್ಮ ದೊಡ್ಡಬಳ್ಳಾಪುರದಿಂದ ಬಂದರು. ಅಷ್ಟು ಹೊತ್ತಿಗೆ ನಮ್ಮ ಜಗಲಿಯ ಮುಂದೆ ಸೊಂಟ ಹಿಡಿದವರ ಗಾಡಿಗಳು ನಿಲ್ಲಲು ಶುರುವಾಗಿದ್ದವು. ಮಾವ ಹೋದಲ್ಲೆಲ್ಲ "ನಮ್ಮ ಸೊಸೆ ಕಾಲು ಮುಂದಾಗಿ ಹುಟ್ದೋಳು" ಅಂತ ಡಂಗುರ ಹೊಡೆದಿದ್ದರು. ಅಡುಗೆಮನೆಯಲ್ಲಿ ನಾನು ಕುಣಿಯುತ್ತಾ ಕತೆಯೆಲ್ಲ ಹೇಳಿದೆ. ಅಮ್ಮನ ಮುಖ ಬಿಳಿಚಿಕೊಂಡಿತು. ಆಮೇಲೆ ಸೆರಗು ಬಾಯಿಗೆ ತುರುಕಿಕೊಂಡು ನಗತೊಡಗಿದರು.

"ನೀನಲ್ಲ ಕಣೇ! ಕಾಲು ಮುಂದಾಗಿ ಹುಟ್ಟಿದ್ದು ನಿಮ್ಮಣ್ಣ. ಆ ಮುಂಡೇದು ಒದ್ರೆ ಮಗ್ಗದೋರು ಎದ್ದೋಗ್ತಿರ್ಲಿಲ್ಲ, ಹೊತ್ಕೊಂಡೋಗ್ಬೇಕಿತ್ತು. ಬಂದೋರನ್ನ ಬರಿಗೈಲಿ ಕಳ್ಸೋಕೆ ನಮ್ಮವ್ವಂಗೆ ಮನಸ್ಸಿಲ್ಲ. ಅದಕ್ಕೆ ಹೆಸರು ನಿನಗೆ ಅಂಟಿಸಿಬಿಟ್ಟಳು. ನೀನು ಎಲ್ಲರಂಗೇ ತಲೆ ಮುಂದಾಗೇ ಬಂದೋಳು."

ಅಮ್ಮನ ಮೇಲೆ ಸಿಟ್ಟು, ತೀರಿಹೋದ ಅಮ್ಮಮ್ಮನ ಮೇಲೆ ಸಿಟ್ಟು, ನಗುವೂ ಬರುತ್ತಿದೆ, ಅಳುವೂ ಬರುತ್ತಿದೆ. ಈ ಮನೆಯಲ್ಲಿ ಈಗಷ್ಟೇ ನನಗೊಂದು ಬೆಲೆ ಬಂದಿತ್ತು. ಅದೆಲ್ಲ ನಿಂತಿದ್ದು ಅಣ್ಣನ ಕಾಲಿನ ಮೇಲೆ! ಸುಮ್ಮನಿರೇ ಅಂತ ಅಮ್ಮ ಕೈ ಹಿಡಿದು ಜಗ್ಗಿದರು. ನನ್ನ ಸ್ವಭಾವಕ್ಕೆ ಅದು ಆಗುತ್ತದೆಯೇ? ನಮ್ಮನೆಯವರ ಕೈಲಿ ಹೇಳಿ ಕಳಿಸುವುದಕ್ಕೂ ಮನಸ್ಸಾಗಲಿಲ್ಲ. ನೇರ ಪಡಸಾಲೆಯ ಬಾಗಿಲ ಹಿಂದೆ ನಿಂತು, ಕಾಲು ಮುಂದಾಗಿ ಹುಟ್ಟಿದ್ದು ಅಣ್ಣ, ಅಂಟಿಸಿದ್ದು ಅಮ್ಮಮ್ಮ, ಎಲ್ಲ ಒದರಿಬಿಟ್ಟೆ.

ಮಾವ ಜಗಲಿಯ ಕಡೆಗೊಮ್ಮೆ ನೋಡಿದರು. ಅಲ್ಲಿ ಹತ್ತಿರದ ಮಧುರೆ ಕಡೆಯಿಂದ ಬಂದವನೊಬ್ಬ ಸೊಂಟ ಹಿಡಿದುಕೊಂಡು ಕಾಯುತ್ತಿದ್ದ. "ಈಚೆ ಬಾರವ್ವ" ಅಂದರು. ಬಂದೆ. ತಲೆ ತಗ್ಗಿಸಿ ಎದುರಿಗೆ ನಿಂತೆ.

"ನಿಮ್ಮವ್ವನ ಹೊಟ್ಟೆಯಿಂದ ನೀನು ಹೆಂಗೆ ಬಂದ್ಯೋ ನಾನು ನೋಡಿಲ್ಲ" ಅಂದರು ಮಾವ. "ನನ್ನ ಮನೆಯೊಳಕ್ಕೆ ಹೆಂಗೆ ಬಂದೆ ಅಂತ ನೋಡಿದ್ದೀನಿ. ಸೇರು ಆ ಕಂಬಕ್ಕೆ ಬಡೀತು."

ಅಂದವರೇ ಮೀಸೆ ಸವರಿಕೊಂಡು ನಕ್ಕರು. ಹೆಗಲ ಮೇಲಿನ ಟವೆಲ್ಲು ತೆಗೆದು ಕಂಬಕ್ಕೆ ನೇತುಹಾಕಿದರು. ಚಾಪೆ ಬಿಡಿಸಿ, ಕೈ ಮಡಿಚಿ ತಲೆಯ ಕೆಳಗಿಟ್ಟುಕೊಂಡು, ನನ್ನ ಮುಂದೆ ಬೋರಲು ಮಲಗಿದರು.

"ಎಡಗಡೆ ಇನ್ನೂ ಒಂಚೂರು ಹಿಡ್ದಂಗೈತೆ. ಬಾರವ್ವ, ಒತ್ತು."